ಬೆಳಗಾವಿಯ ಹಳೇ ಪಾಲಿಹೌಸ್ ಬಿಚ್ಚಿ ತಿಕೋಟಾಕ್ಕೆ ತರಬೇಕು, ಅನುಭವ ಇದ್ದವರು ಹೇಳಿ

ತಿಕೋಟಾ ಎರಿಹೊಲ | ಅಕ್ಟೋಬರ್ 27

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ತಾಲೂಕು. ದ್ರಾಕ್ಷಿ ತೋಟದ ಪಕ್ಕ ಅರ್ಧ ಎಕರೆ ಎರಿಹೊಲ (ಕಪ್ಪು ಮಣ್ಣಿನ ಹೊಲ) ಖಾಲಿ ಇದೆ. ಅಲ್ಲಿ ದೊಣ್ಣೆ ಮೆಣಸಿನಕಾಯಿ ಹಾಕಬೇಕು ಅಂತ ಮೂರು ವರ್ಷದ ಆಸೆ. ಹೊಸ ಪಾಲಿಹೌಸ್ (ಪೈಪಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಸಿದ ಬೆಳೆ ಮನೆ) ಕಟ್ಟಿಸುವಷ್ಟು ದುಡ್ಡು ಇಲ್ಲ.

ಬೆಳಗಾವಿ ಹತ್ತಿರ ಒಬ್ಬರು ಹತ್ತು ಗುಂಟೆ ಪಾಲಿಹೌಸ್ ಮಾರುತ್ತಿದ್ದಾರೆ. ಮೊದಲು ಜರ್ಬೇರಾ ಹೂ ಬೆಳೆಯುತ್ತಿದ್ದರು. ಈಗ ನೋಡಿಕೊಳ್ಳುವವರಿಲ್ಲದೆ ಎರಡು ವರ್ಷದಿಂದ ಖಾಲಿ ನಿಂತಿದೆ. ನಿನ್ನೆ ಹೋಗಿ ನೋಡಿ ಬಂದೆ. ಮೇಲಿನ ಪ್ಲಾಸ್ಟಿಕ್ ಹರಿದು ಜೋತಾಡುತ್ತಿದೆ. ಪೈಪುಗಳು ನೋಡಲಿಕ್ಕೆ ಗಟ್ಟಿ ಇವೆ. ಅಳತೆ 28 ಮೀಟರ್ ಅಗಲ, 36 ಮೀಟರ್ ಉದ್ದ. ನಡುವೆ 8 ಮೀಟರಿನ ಮೂರು ಅಂಕಣ, ಸುತ್ತಲೂ 2 ಮೀಟರಿನ ಓಣಿ. ಕಂಬದಿಂದ ಕಂಬಕ್ಕೆ ಉದ್ದದಲ್ಲಿ 4 ಮೀಟರ್. ಹೊಸದರ ಕಾಲು ಭಾಗದಷ್ಟು ರೇಟು ಕೇಳುತ್ತಿದ್ದಾರೆ. ಬಿಚ್ಚುವುದು, ಸಾಗಿಸುವುದು ನಮ್ಮ ಖರ್ಚು.

ತೆಗೆದುಕೊಳ್ಳಲೋ ಬೇಡವೋ? ತೆಗೆದುಕೊಂಡರೆ ಎಲ್ಲಿಂದ ಬಿಚ್ಚಲು ಶುರು ಮಾಡಬೇಕು?

ಜರ್ಬೇರಾ ಬೆಳಗಾವಿ | ಅಕ್ಟೋಬರ್ 27

ಮೊದಲು ಕಾಗದ ನೋಡಿ, ಆಮೇಲೆ ಪೈಪ್ ನೋಡಿ. ಹೆಚ್ಚಿನ ಪಾಲಿಹೌಸ್‌ಗಳು ಸಬ್ಸಿಡಿ ಮತ್ತು ಬ್ಯಾಂಕ್ ಸಾಲದಲ್ಲೇ ಎದ್ದಿವೆ. ಸಾಲ ತೀರಿಲ್ಲ ಅಂದರೆ ಆ ಪೈಪುಗಳ ಮೇಲೆ ಬ್ಯಾಂಕಿಗೂ ಹಕ್ಕು ಇರಬಹುದು. ಅವರ ಹೊಲದ ಪಹಣಿ ತೆಗೆಸಿ, 11ನೇ ಕಾಲಂನಲ್ಲಿ ಋಣ ಇದೆಯಾ ನೋಡಿ. ಇದ್ದರೆ ಬ್ಯಾಂಕಿನಿಂದ ಸಾಲ ತೀರಿದ ಪತ್ರ ತರಲಿ. ಸಬ್ಸಿಡಿ ಪಡೆದಿದ್ದರೆ, ಬಿಚ್ಚಿ ಮಾರಲು ಅಡ್ಡಿ ಇಲ್ಲ ಅಂತ ತೋಟಗಾರಿಕೆ ಇಲಾಖೆಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಲಿ. ಬಾಯಿ ಮಾತಿನಲ್ಲಿ ಬಿಡಬೇಡಿ.

ಇನ್ನೊಂದು, ಹಳೇ ಪೈಪ್ ತಂದು ನಿಲ್ಲಿಸಿದ ಮನೆಗೆ ಸಬ್ಸಿಡಿ ಸಿಗುತ್ತದೆ ಅಂತ ಲೆಕ್ಕ ಹಾಕಿಕೊಳ್ಳಬೇಡಿ. ರಾಷ್ಟ್ರೀಯ ತೋಟಗಾರಿಕೆ ಮಿಷನ್‌ನ 2014ರ ಮಾರ್ಗಸೂಚಿಯಲ್ಲಿ ಈ 1008 ಚದರ ಮೀಟರ್ ಅಳತೆಗೆ ಚದರ ಮೀಟರಿಗೆ 935 ರೂಪಾಯಿ ಘಟಕ ವೆಚ್ಚ ಹಿಡಿದಿದ್ದರು, ಅದರ ಅರ್ಧ ಸಹಾಯಧನ. ಅಂದರೆ ಹೊಸದು ಕಟ್ಟಿದರೂ ಅರ್ಧ ವಾಪಸ್ ಬರುತ್ತಿತ್ತು. ಈಗಿನ ದರ, ಈಗಿನ ಸಹಾಯಧನ ಎಷ್ಟು ಅಂತ ಇಲಾಖೆಯಲ್ಲಿ ಕೇಳಿ, ನಿಮ್ಮ ಹಳೇ ಪಾಲಿಹೌಸ್ ಖರ್ಚಿನ ಜೊತೆ ಹೋಲಿಸಿ. ಆಮೇಲೆ ಮುಂಗಡ ಕೊಡಿ.

ವೆಲ್ಡಿಂಗ್ ಅಂಗಡಿ ಜಮಖಂಡಿ | ಅಕ್ಟೋಬರ್ 28

ನಾನು ಇಂಥ ಆರು ಮನೆ ಬಿಚ್ಚಿದ್ದೇನೆ. ಪೈಪಿನ ವಿಷಯ ಹೇಳುತ್ತೇನೆ.

ಕಂಬ ಸಾಮಾನ್ಯವಾಗಿ 76 ಮಿಲಿಮೀಟರ್ ಹೊರ ಅಳತೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಗೋಡೆ ದಪ್ಪ 2 ಮಿಲಿಮೀಟರ್. ಮಾರುವವರು 2 ಅಂತಾರೆ, ಒಳಗೆ 1.5 ಇರುತ್ತದೆ. ಮೂಗಿನ ಮುಂದೆ ಹಿಡಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ಕಂಬ ಬಿಚ್ಚಿಸಿ ಕಾಟಾಕ್ಕೆ ಹಾಕಿ. 4 ಮೀಟರ್ ಉದ್ದದ ಕಂಬ 2 ಮಿಮೀ ಇದ್ದರೆ 14.5 ಕಿಲೋ ಆಸುಪಾಸು ಬರುತ್ತದೆ. 11 ಕಿಲೋ ಬಂದರೆ ಅದು 1.5. ನಿಮ್ಮ ಕಡೆ ಬೇಸಿಗೆ ಗಾಳಿಗೆ ಅದು ಬೇಡ.

ತುಕ್ಕು ನೋಡುವುದು ಮೇಲೆ ಅಲ್ಲ, ನೆಲದ ಹತ್ತಿರ. ಗೊಬ್ಬರದ ನೀರು, ಆಸಿಡ್ ಬಿದ್ದು ಬಿದ್ದು ಮಣ್ಣಿಗೆ ತಾಗುವ ಜಾಗದಲ್ಲಿ ಒಂದು ಗೇಣು ತಿಂದಿರುತ್ತದೆ. ಚಿಕ್ಕ ಸುತ್ತಿಗೆಯಿಂದ ಅಲ್ಲಿ ತಟ್ಟಿ. ಗಂಟೆ ಹೊಡೆದಂತೆ ಠಣ್ ಅಂದರೆ ಸರಿ. ದಬ್ ಅಂದರೆ ಒಳಗಿಂದ ಹೋಗಿದೆ. 36 ಮುಖ್ಯ ಕಂಬ ಇರಬೇಕು (ನಾಲ್ಕು ಸಾಲು, ಸಾಲಿಗೆ ಒಂಬತ್ತು), ಎಲ್ಲವನ್ನೂ ತಟ್ಟಿ. ಅರ್ಧ ದಿನದ ಕೆಲಸ, ಬೇಜಾರು ಮಾಡಿಕೊಳ್ಳಬೇಡಿ.

ಬೀಳಗಿ ಮಸಾರಿ | ಅಕ್ಟೋಬರ್ 28

ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲ ಒದ್ದಾಟ ಯಾಕೆ? ನೆಲದ ಮಟ್ಟಕ್ಕೆ ಗ್ರೈಂಡರ್‌ನಿಂದ ಕಂಬ ಕತ್ತರಿಸಿ. ಎರಡು ದಿನದಲ್ಲಿ ಮನೆ ಮಲಗುತ್ತದೆ. ಹೊಸ ಜಾಗದಲ್ಲಿ ಮತ್ತೆ ವೆಲ್ಡ್ ಮಾಡಿಕೊಳ್ಳಿ. ನಾವು ನಮ್ಮ ಊರಲ್ಲಿ ಒಂದು ನೆರಳು ಪರದೆ ಮನೆ ಹಾಗೇ ತಂದೆವು.

ವೆಲ್ಡಿಂಗ್ ಅಂಗಡಿ ಜಮಖಂಡಿ | ಅಕ್ಟೋಬರ್ 28

ಅಣ್ಣಾ, ನೆರಳು ಪರದೆ ಮನೆಗೆ ನಡೆಯುತ್ತದೆ, ಇದಕ್ಕೆ ಬೇಡ. ಕಾರಣ ಹೇಳುತ್ತೇನೆ.

ಪಾಲಿಹೌಸ್ ಕಂಬ ನೇರವಾಗಿ ಕಾಂಕ್ರೀಟಿನಲ್ಲಿ ಇರುವುದಿಲ್ಲ. ಕಾಂಕ್ರೀಟಿನಲ್ಲಿ ಹುಗಿದಿರುವುದು 60 ಮಿಮೀ ಪಾಯದ ಪೈಪ್. ಅದರ ಮೇಲೆ 76ರ ಕಂಬ ಟೋಪಿ ಥರ ಕೂತಿರುತ್ತದೆ, ಅಡ್ಡ ಬೋಲ್ಟ್ ಹಾಕಿರುತ್ತಾರೆ. ಬೋಲ್ಟ್ ತೆಗೆದರೆ ಕಂಬ ಇಡಿಯಾಗಿ ಮೇಲೆ ಬರಬೇಕು. ಕತ್ತರಿಸಿದರೆ ಬೋಲ್ಟಿನ ತೂತು ನೆಲದಲ್ಲೇ ಉಳಿಯುತ್ತದೆ, ಕಂಬ ಗಿಡ್ಡ ಆಗುತ್ತದೆ. ಮನೆ ಎತ್ತರ ಕಡಿಮೆ ಆದಷ್ಟೂ ಒಳಗೆ ಕಾವು ಜಾಸ್ತಿ. ಬೆಳಗಾವಿಯಲ್ಲಿ ಅದು ನಡೆದೀತು. ವಿಜಯಪುರದ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ, ಗಿಡ ಹೂ ಉದುರಿಸುತ್ತದೆ.

ವೆಲ್ಡ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟು ಹೋಗುತ್ತದೆ. ಮುಂದಿನ ತುಕ್ಕು ಅಲ್ಲಿಂದಲೇ ಶುರು. ಮಾಡಲೇಬೇಕಾದರೆ ಮೇಲೆ ಸತುವಿನ ಬಣ್ಣ ಹಚ್ಚಿ. ಆ ಬಿಳಿ ಹೊಗೆ ಕುಡಿಯಬೇಡಿ, ರಾತ್ರಿ ಚಳಿ ಜ್ವರ ಬರುತ್ತದೆ. ನನಗೇ ಎರಡು ಸಲ ಬಂದಿದೆ.

ಬೀಳಗಿ ಮಸಾರಿ | ಅಕ್ಟೋಬರ್ 29

ಬೋಲ್ಟಿನ ತೂತಿನ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಸರಿ, ಕತ್ತರಿಸಬೇಡಿ.

ಅರಭಾವಿ ಹಳೇ ವಿದ್ಯಾರ್ಥಿ | ಅಕ್ಟೋಬರ್ 30

ಎಲ್ಲರೂ ಪೈಪಿನ ಬಗ್ಗೆ ಹೇಳುತ್ತಿದ್ದೀರಿ. ನಾನು ಮಣ್ಣಿನ ಬಗ್ಗೆ ಹೇಳಬೇಕು. ಇದು ನನಗೆ ಮನಸ್ಸಿಗೆ ತುಂಬ ಹತ್ತಿರದ ವಿಷಯ, ಯಾಕೆಂದರೆ ನಮ್ಮ ಮಾವನ ಮನೆಯಲ್ಲಿ ಇದೇ ತಪ್ಪಿನಿಂದ ಎರಡು ಬೆಳೆ ಹೋಯಿತು.

ವರ್ಷಗಟ್ಟಲೆ ಒಂದೇ ಬೆಳೆ ಬೆಳೆದ ಪಾಲಿಹೌಸ್‌ನಲ್ಲಿ ಬೇರುಗಂಟು ಜಂತುಹುಳು ಇರುವುದು ಬಹಳ ಸಾಮಾನ್ಯ. ಜರ್ಬೇರಾಕ್ಕೂ ಬರುತ್ತದೆ, ದೊಣ್ಣೆ ಮೆಣಸಿನಕಾಯಿಗೂ ಬರುತ್ತದೆ. ಗಿಡ ಕಿತ್ತು ನೋಡಿದರೆ ಬೇರಿನ ತುಂಬ ಗೋಧಿ ಕಾಳಿನಿಂದ ಕಡಲೆ ಕಾಳಿನವರೆಗೆ ಗಂಟು. ಮಾವ ಹಳೇ ಮನೆಯಿಂದ ಪೈಪಿನ ಜೊತೆ ಬೆಡ್ಡಿನ ಮಣ್ಣನ್ನೂ ತಂದರು, "ಕೆಂಪು ಮಣ್ಣು, ಗೊಬ್ಬರ ಉಂಡ ಮಣ್ಣು, ಬಿಟ್ಟು ಬರೋದು ಯಾಕೆ" ಅಂತ. ಹೊಸ ಹೊಲಕ್ಕೆ ಹುಳುವನ್ನು ಟ್ರ್ಯಾಕ್ಟರ್‌ನಲ್ಲಿ ಕೂರಿಸಿ ತಂದ ಹಾಗಾಯಿತು.

ಹಾಗಾಗಿ ದಯವಿಟ್ಟು ಅಲ್ಲಿನ ಮಣ್ಣು ಒಂದು ಬುಟ್ಟಿಯೂ ಬೇಡ. ತೆಂಗಿನ ನಾರಿನ ಪುಡಿ ಬೇಡ. ಕಂಬದ ಬುಡಕ್ಕೆ ಅಂಟಿದ ಮಣ್ಣನ್ನು ಅವರ ಹೊಲದಲ್ಲೇ ಬ್ರಶ್ ಹಾಕಿ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ ಹೇರಿ. ಚಪ್ಪಲಿ, ಗುದ್ದಲಿ, ಸಲಿಕೆ ಕೂಡ ತೊಳೆಯಿರಿ. ಹಳೇ ಡ್ರಿಪ್ ಪೈಪ್ ಕೂಡ ಬಿಟ್ಟು ಬನ್ನಿ.

ನಿಮ್ಮ ಹೊಲದ ಮಣ್ಣು ಮತ್ತು ಬೋರ್ ನೀರನ್ನು ಮೊದಲೇ ಪರೀಕ್ಷೆ ಮಾಡಿಸಿ. ನಿಮಗೆ ಹಿಟ್ಟಿನಹಳ್ಳಿಯ ಕೃಷಿ ಸಂಶೋಧನಾ ಕೇಂದ್ರ ಹತ್ತಿರ. ಸಲಹೆ ಬೇಕಾದರೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರನ್ನೂ ಕೇಳಬಹುದು, ನಮ್ಮ ಅರಭಾವಿ ಕಾಲೇಜು ಅವರದ್ದೇ.

ತಿಕೋಟಾ ಎರಿಹೊಲ | ನವೆಂಬರ್ 4

ಎಲ್ಲರಿಗೂ ಮನಸಾರೆ ಧನ್ಯವಾದ. ಪಹಣಿ ನೋಡಿದೆ, ಋಣ ಇತ್ತು. ಸಾಲ ತೀರಿಸಿ ಒಂದು ವರ್ಷ ಆಗಿದೆಯಂತೆ, ದಾಖಲೆಯಲ್ಲಿ ತೆಗೆಸಿರಲಿಲ್ಲ. ಈಗ ಪತ್ರ ಕೊಟ್ಟಿದ್ದಾರೆ, ಇಲಾಖೆಯದ್ದೂ ಆಗಿದೆ. ಕಂಬ ತೂಗಿದೆ. 14 ಕಿಲೋ 600 ಗ್ರಾಂ. ತಟ್ಟಿದ 36ರಲ್ಲಿ ನಾಲ್ಕು ದಬ್ ಅಂದವು, ರೇಟಿನಲ್ಲಿ ಅದನ್ನು ಇಳಿಸಿಕೊಂಡೆ. ಇಲಾಖೆಯಲ್ಲಿ ಲೆಕ್ಕ ಕೇಳಿದೆ. ಹೊಸದಕ್ಕೆ ಮೊದಲು ಪೂರ್ತಿ ದುಡ್ಡು ನಾನೇ ಹಾಕಬೇಕು, ಸಹಾಯಧನ ಆಮೇಲೆ. ಆ ಶಕ್ತಿ ನನಗಿಲ್ಲ. ಹಳೆಯದನ್ನೇ ತೆಗೆದುಕೊಳ್ಳುತ್ತೇನೆ.

ಒಂದು ಪ್ರಶ್ನೆ. ನೆಲದಲ್ಲಿ ಉಳಿಯುವ ಕಾಂಕ್ರೀಟ್ ಯಾರು ತೆಗೆಯಬೇಕು?

ಜರ್ಬೇರಾ ಬೆಳಗಾವಿ | ನವೆಂಬರ್ 4

ಒಳ್ಳೇ ಪ್ರಶ್ನೆ. ಜಗಳ ಆಗುವುದೇ ಅಲ್ಲಿ. ಜೆಸಿಬಿ ಖರ್ಚು ಯಾರದ್ದು ಅಂತ ಖರೀದಿ ಪತ್ರದಲ್ಲೇ ಬರೆಯಿರಿ. ಪಾಯದ ಪೈಪ್ ಬಿಡಿಸಿಕೊಳ್ಳಲು ಕಾಂಕ್ರೀಟ್ ಒಡೆಯುತ್ತ ಕೂರಬೇಡಿ. ಎರಡು ಇಂಚಿನ ಜಿಐ ಪೈಪ್ ಹೊಸದೇ ತೆಗೆದುಕೊಳ್ಳಿ.

ಕೆಲಸ ಬೇಗ ಹಿಡಿಯಿರಿ. ಕಬ್ಬಿನ ಹಂಗಾಮು ಜೋರಾದರೆ ಈ ಕಡೆ ಆಳು ಸಿಗುವುದಿಲ್ಲ, ಟ್ರೇಲರ್ ಅಂತೂ ಕೇಳಲೇಬೇಡಿ.

ವೆಲ್ಡಿಂಗ್ ಅಂಗಡಿ ಜಮಖಂಡಿ | ನವೆಂಬರ್ 5

ಬಿಚ್ಚುವ ಕ್ರಮ ಕೇಳಿದ್ದಿರಿ. ಕಟ್ಟಿದ್ದರ ಉಲ್ಟಾ.

ಮೊದಲು ಒಳಗಿನ ನೆರಳು ಪರದೆ, ಫಾಗರ್ (ಮಂಜಿನಂತೆ ನೀರು ಚಿಮ್ಮಿಸುವ ನಳಿಕೆ), ನೀರಿನ ಪೈಪ್. ಆಮೇಲೆ ಪಕ್ಕದ ಪರದೆ ಮತ್ತು ಕೀಟ ತಡೆಯುವ ಬಲೆ. ಆಮೇಲೆ ಮೇಲಿನ ಪ್ಲಾಸ್ಟಿಕ್. ಹರಿದ ಪ್ಲಾಸ್ಟಿಕ್ ತಾನೆ ಅಂತ ಒಂದು ಕಡೆ ತೆಗೆದು ಇನ್ನೊಂದು ಕಡೆ ನಾಳೆಗೆ ಬಿಡಬೇಡಿ. ರಾತ್ರಿ ಗಾಳಿ ಬಂದರೆ ಉಳಿದ ಪ್ಲಾಸ್ಟಿಕ್ ಹಡಗಿನ ಹಾಯಿ ಥರ ಮನೆಯನ್ನೇ ಎಳೆದು ತಿರುಚುತ್ತದೆ. ಬೆಳಗ್ಗೆ ಗಾಳಿ ಇಲ್ಲದಾಗ ಶುರು ಮಾಡಿ, ಅವತ್ತೇ ಪೂರ್ತಿ ಇಳಿಸಿ.

ಪ್ಲಾಸ್ಟಿಕ್ ಹಿಡಿದಿರುವುದು ಅಲ್ಯೂಮಿನಿಯಂ ಪಟ್ಟಿಯೊಳಗಿನ ಅಂಕುಡೊಂಕು ಸ್ಪ್ರಿಂಗ್. ಅದನ್ನು ಒಂದು ತುದಿಯಿಂದ ನಿಧಾನ ಎತ್ತುತ್ತ ಬನ್ನಿ. ಜಗ್ಗಿದರೆ ಪಟ್ಟಿಯ ತುಟಿ ಬಾಗುತ್ತದೆ, ಮತ್ತೆ ಸ್ಪ್ರಿಂಗ್ ಹಿಡಿಯುವುದಿಲ್ಲ. ಪಟ್ಟಿ ಉಳಿಸಿಕೊಳ್ಳಿ, ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಹೊಸದು ತೆಗೆದುಕೊಳ್ಳಿ.

ಆಮೇಲೆ ಅಡ್ಡ ಪೈಪ್, ಕಮಾನು, ಗಟರ್ (ಮಳೆ ನೀರು ಹರಿಯುವ ದೋಣಿ), ಕೊನೆಗೆ ಕಂಬ. ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಿರುವ ಪೈಪನ್ನು ಆ ಅಂಕಣದ ಕೆಲಸ ಮುಗಿಯುವವರೆಗೆ ಮುಟ್ಟಬೇಡಿ. ಕಂಬ ನೆಟ್ಟಗೆ ನಿಂತಿರುವುದು ಅದರಿಂದ.

ಎಲ್ಲಾ ಬೋಲ್ಟಿಗೆ ಹಿಂದಿನ ದಿನವೇ ಡೀಸೆಲ್ ಹಚ್ಚಿಡಿ. ಪಾನಾ ಹಾಕಿದರೂ ಬರದಿದ್ದರೆ ತಲೆ ಕತ್ತರಿಸಿ, ಚಿಂತೆ ಇಲ್ಲ. ನಟ್ ಬೋಲ್ಟ್ ಎಲ್ಲಾ ಹೊಸದೇ ಹಾಕಬೇಕು.

ಇಂಡಿ ನಿಂಬೆ ತೋಟ | ನವೆಂಬರ್ 5

ನಂಬರ್ ಹಾಕುವುದು ಮರೆಯಬೇಡಿ! ನಾವು ಶೆಡ್ ಬಿಚ್ಚುವಾಗ ಸೀಮೆಸುಣ್ಣದಲ್ಲಿ ಬರೆದಿದ್ದೆವು. ರಾತ್ರಿ ಇಬ್ಬನಿ ಬಿದ್ದು ಬೆಳಗ್ಗೆ ಎಲ್ಲಾ ಪೈಪ್ ಒಂದೇ. ಎಂಟು ದಿನ ಹೊಂದಿಸುತ್ತ ಕೂತೆವು. ಆಯಿಲ್ ಪೇಂಟ್ ತೆಗೆದುಕೊಳ್ಳಿ. ಕಂಬದ ಸಾಲಿಗೆ ಕ, ಖ, ಗ, ಘ. ಸಾಲಿನೊಳಗೆ 1ರಿಂದ 9. ಪ್ರತಿ ಪೈಪಿನ ಎರಡೂ ತುದಿಗೆ ಯಾವ ಕಂಬಕ್ಕೆ ಸೇರುತ್ತದೋ ಆ ನಂಬರ್. ಬಿಚ್ಚುವ ಮೊದಲು ಪ್ರತಿ ಜೋಡಣೆಯ ಫೋಟೋ.

ಮೇಲೆ ಕರೆಂಟ್ ತಂತಿ ಹೋಗಿದೆಯಾ ನೋಡಿದ್ದೀರಾ? ಆರು ಮೀಟರ್ ಪೈಪನ್ನು ನೆಟ್ಟಗೆ ಎತ್ತಿದರೆ ತುದಿ ಎಲ್ಲಿ ಹೋಗುತ್ತದೆ ಅಂತ ಕೆಳಗಿದ್ದವನಿಗೆ ಗೊತ್ತಾಗುವುದಿಲ್ಲ. ತಂತಿ ಹತ್ತಿರ ಇದ್ದರೆ ಲೈನ್ ಬಂದ್ ಮಾಡಿಸದೆ ಕೆಲಸ ಮಾಡಬೇಡಿ. ಮೇಲೆ ಹತ್ತುವವರಿಗೆ ಬೆಲ್ಟ್, ಹೆಲ್ಮೆಟ್ ಬೇಕೇ ಬೇಕು. ಇಬ್ಬನಿ ಆರುವವರೆಗೆ ಗಟರ್ ಮೇಲೆ ಕಾಲಿಡಬಾರದು.

ತಿಕೋಟಾ ಎರಿಹೊಲ | ನವೆಂಬರ್ 23

ಬಿಚ್ಚಿ ಮುಗಿಯಿತು. ಒಂಬತ್ತು ದಿನ, ಐದು ಆಳು.

ಮೇಲಿನದೆಲ್ಲ ಹೇಳಿದ ಹಾಗೇ ಬಂತು. ಪೈಪಿನ ತೆರೆದ ತುದಿಗಳಲ್ಲಿ ಕಡಜ ಗೂಡು ಕಟ್ಟಿದ್ದವು, ಎರಡನೇ ದಿನ ಒಬ್ಬ ಹುಡುಗನ ಕೈ ಊದಿಕೊಂಡಿತು. ಆಮೇಲೆ ಪ್ರತಿ ತುದಿಯನ್ನು ಮೊದಲು ಕೋಲಿನಿಂದ ತಟ್ಟಿ ಮುಟ್ಟುತ್ತಿದ್ದೆವು.

ಕಂಬ ಮಾತ್ರ ಏಳಲೇ ಇಲ್ಲ. ಬೋಲ್ಟ್ ತೆಗೆದರೂ ಅಲ್ಲಾಡಲಿಲ್ಲ. ಕಂಬ ಮತ್ತು ಪಾಯದ ಪೈಪಿನ ನಡುವೆ ಮಣ್ಣು, ಸಿಮೆಂಟ್ ಹಾಲು ಇಳಿದು ಕಲ್ಲಾಗಿತ್ತು. ನಾಲ್ಕು ಜನ ತಬ್ಬಿಕೊಂಡು ಎತ್ತಿದೆವು. ಏನೂ ಇಲ್ಲ. ಕತ್ತರಿಸಿಬಿಡೋಣ ಅಂತ ಗ್ರೈಂಡರ್ ಕೈಗೆ ತೆಗೆದುಕೊಂಡಿದ್ದೆ.

ಆಗ ಪಕ್ಕದ ಹೊಲದ ಹಿರಿಯರು ಬಂದು ನಿಂತು ನೋಡಿದರು. ಬೋರ್‌ವೆಲ್ ಮೋಟರ್ ಎತ್ತುವಾಗ ಪೈಪಿಗೆ ಕಚ್ಚಿಸುವ ಕ್ಲ್ಯಾಂಪ್ ಇದೆಯಲ್ಲ, ಎರಡೂವರೆ ಇಂಚಿನದು, ಅದನ್ನು ಮನೆಯಿಂದ ತಂದರು. ಕಂಬಕ್ಕೆ ಮೊಣಕಾಲೆತ್ತರದಲ್ಲಿ ಕಚ್ಚಿಸಿದರೆ ಅಳತೆ ಮಾಡಿಸಿದ ಹಾಗೆ ಕೂತಿತು. ಎರಡು ಕಿವಿಗಳ ಕೆಳಗೆ ಎರಡು ಟ್ರ್ಯಾಕ್ಟರ್ ಜಾಕ್, ಜಾಕಿನ ಕೆಳಗೆ ಹಲಗೆ. ಸುತ್ತ ಸುತ್ತಿಗೆಯಿಂದ ತಟ್ಟುತ್ತ ಎರಡೂ ಜಾಕನ್ನು ಒಟ್ಟಿಗೆ ಒತ್ತಿದೆವು. ಒಂದು ಕಿರ್‍ರ್ ಸದ್ದು ಬಂತು. ಬುಡದಿಂದ ಕೆಂಪು ಧೂಳು ಉದುರಿತು. ಬೆರಳಗಲ ಎದ್ದಿತು, ಆಮೇಲೆ ಗೇಣು, ಆಮೇಲೆ ಕೈಯಿಂದಲೇ ಎತ್ತಿ ಮಲಗಿಸಿದೆವು. ಒಂದು ಕಂಬಕ್ಕೆ ಹತ್ತು ನಿಮಿಷ. ಆ ಹಿರಿಯರು ಸಂಜೆಯವರೆಗೂ ಇದ್ದರು, ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಅವರಿಗೆ ಎರಡು ಕಿಲೋ ಮಣೂಕ (ಒಣದ್ರಾಕ್ಷಿ) ತೆಗೆದಿಟ್ಟಿದ್ದೇನೆ, ಮುಂದಿನ ಸಲ ಹೋದಾಗ ಕೊಡಬೇಕು.

ವೆಲ್ಡಿಂಗ್ ಅಂಗಡಿ ಜಮಖಂಡಿ | ನವೆಂಬರ್ 23

ಆ ಉಪಾಯ ನನಗೂ ಗೊತ್ತಿರಲಿಲ್ಲ. ಎರಡೂವರೆ ಇಂಚಿನ ಜಿಐ ಪೈಪಿನ ಹೊರ ಅಳತೆ 76 ಮಿಮೀ, ಅದಕ್ಕೇ ಸರಿಯಾಗಿ ಕೂತಿದೆ. ನಮಸ್ಕಾರ ಹೇಳಿ ಅವರಿಗೆ.

ಹೇರುವಾಗ 20 ಅಡಿ ಬಾಡಿಯ ಗಾಡಿಯನ್ನೇ ತನ್ನಿ. 6 ಮೀಟರ್ ಪೈಪ್ ಅಂದರೆ 19 ಅಡಿ 8 ಇಂಚು, ಒಳಗೇ ಹಿಡಿಯುತ್ತದೆ. ಚಿಕ್ಕ ಗಾಡಿಯಲ್ಲಿ ಹಿಂದೆ ಚಾಚಿಕೊಂಡು ಬರಬೇಡಿ. ರಾತ್ರಿ ಅಥಣಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಾಲು ಇರುತ್ತದೆ, ಹಗಲಲ್ಲೇ ಹೊರಡಿ. ಕಂಬ ಕೆಳಗೆ, ಕಮಾನು ಒಂದರೊಳಗೊಂದು ಮಧ್ಯೆ, ಗಟರ್ ಎಲ್ಲಕ್ಕಿಂತ ಮೇಲೆ. ಗಟರ್ ನೆಗ್ಗಿದರೆ ನೀರು ನಿಲ್ಲುತ್ತದೆ.

ಬೀಳಗಿ ಮಸಾರಿ | ನವೆಂಬರ್ 25

ಎರಿ ಮಣ್ಣಿನಲ್ಲಿ ಪಾಯ ಹೇಗೆ ಹಾಕುತ್ತೀರಿ? ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಬೆಳಗಾವಿಯ ಕೆಂಪು ಮಣ್ಣಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮನೆ ಪಾಯಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಮನೆಯ ಪಾಯ ಭಾರ ಹೊರಬೇಕು. ಇಲ್ಲಿ ಭಾರವೇ ಇಲ್ಲ, ಗಾಳಿ ಮೇಲಕ್ಕೆ ಎಳೆಯುವಾಗ ಹಿಡಿದುಕೊಳ್ಳಬೇಕು. ಗುಂಡಿ ಕೆಳಗೆ ಹೋದಂತೆ ಅಗಲ ಮಾಡಿ, ಗರಸು (ಗಟ್ಟಿ ಮೊರಂ ಮಣ್ಣು) ಸಿಗುವವರೆಗೆ ಅಗೆಯಿರಿ. ಪಾಯದ ಪೈಪಿನ ಬುಡಕ್ಕೆ ಅಡ್ಡ ಸರಳು ತೂರಿಸಿ ಕಾಂಕ್ರೀಟ್ ಹಾಕಿ, ಇಲ್ಲದಿದ್ದರೆ ಪೈಪ್ ನುಣ್ಣಗೆ ಜಾರಿ ಬರುತ್ತದೆ. ಕಾಂಕ್ರೀಟಿನ ಸುತ್ತ ಗರಸು ತುಂಬಿ.

ಇಂಡಿ ನಿಂಬೆ ತೋಟ | ನವೆಂಬರ್ 25

ದಿಕ್ಕು ಕೂಡ ನೋಡಿ. ಗಟರ್ ಉತ್ತರ ದಕ್ಷಿಣ ಇರಬೇಕು, ಆಗ ಅದರ ನೆರಳು ದಿನವಿಡೀ ಒಂದೇ ಸಾಲಿನ ಮೇಲೆ ಕೂರುವುದಿಲ್ಲ. ಮೇಲಿನ ಗಾಳಿ ಕಿಂಡಿ ಪೂರ್ವಕ್ಕೆ ಬಾಯಿ ತೆರೆಯಲಿ. ಮುಂಗಾರು ಗಾಳಿ ಪಶ್ಚಿಮದಿಂದ ಬರುತ್ತದೆ, ಅಲ್ವಾ? ಕಿಂಡಿ ಆ ಕಡೆ ಇದ್ದರೆ ಗಾಳಿ ಒಳಗೆ ನುಗ್ಗಿ ಪ್ಲಾಸ್ಟಿಕ್ ಎತ್ತುತ್ತದೆ.

ತಿಕೋಟಾ ಎರಿಹೊಲ | ಜನವರಿ 19

ಸಂಕ್ರಾಂತಿ ಮುಗಿಸಿ ಬರೆಯುತ್ತಿದ್ದೇನೆ. ಕಂಬ ಎಲ್ಲಾ ನಿಂತವು. ನಾಲ್ಕು ಅಡಿಗೆ ಗರಸು ಸಿಕ್ಕಿತು.

ಮೂಲೆ ಹಿಡಿಯುವುದು ಕಷ್ಟ ಆಗುತ್ತದೆ ಅಂದುಕೊಂಡಿದ್ದೆ. ನಮ್ಮ ಗೌಂಡಿ ಲೆಕ್ಕ ಹಾಕಿ ನಕ್ಕರು. ಓಣಿ ಬಿಟ್ಟರೆ ನಡುವಿನ ಮನೆ 24 ಮೀಟರ್ ಅಗಲ, 32 ಮೀಟರ್ ಉದ್ದ. ಮೂರು ನಾಲ್ಕು ಐದರ ಲೆಕ್ಕವೇ ಅದು, ಎಂಟು ಪಟ್ಟು. ಅಂದರೆ ಮೂಲೆಯಿಂದ ಮೂಲೆಗೆ ಸರಿಯಾಗಿ 40 ಮೀಟರ್ ಬರಬೇಕು. ಟೇಪ್ ಹಿಡಿದೆವು. ಒಂದು ಕಡೆ 40, ಇನ್ನೊಂದು ಕಡೆ 40 ಮೀಟರ್ 11 ಸೆಂಟಿಮೀಟರ್. ಘ ಸಾಲನ್ನು ಸರಿಸಿ ಮತ್ತೆ ಹಿಡಿದೆವು, ಎರಡೂ 40 ಬಂದ ಮೇಲೇ ಕಾಂಕ್ರೀಟ್ ಹಾಕಿದ್ದು. ಎತ್ತರಕ್ಕೆ ನೀರು ತುಂಬಿದ ಪಾರದರ್ಶಕ ನಳಿಗೆ ಸಾಕಾಯಿತು.

ದಬ್ ಅಂದ ನಾಲ್ಕು ಕಂಬ ಹೊಸದು ತಂದೆ. ಆಯಿಲ್ ಪೇಂಟ್ ನಂಬರ್ ಒಂದೂ ಅಳಿಸಿಲ್ಲ. ಗ-6 ಮತ್ತು ಗ-7ರ ನಡುವಿನ ಅಡ್ಡ ಪೈಪ್ ಮಾತ್ರ ಕಾಣುತ್ತಿಲ್ಲ, ಅದು ಎಲ್ಲಿ ಹೋಯಿತೋ.

ಜರ್ಬೇರಾ ಬೆಳಗಾವಿ | ಜನವರಿ 20

ತುಂಬ ಖುಷಿಯಾಯಿತು. ಪ್ಲಾಸ್ಟಿಕ್ ಹೊಸದೇ ಹಾಕಿ, 200 ಮೈಕ್ರಾನ್, ಬಿಸಿಲಿಗೆ ಬೇಗ ಹಾಳಾಗದಂಥದ್ದು. ಬೆಳಗ್ಗೆ ಗಾಳಿ ಇಲ್ಲದಾಗ ಹೊದಿಸಿ. ಮಧ್ಯಾಹ್ನದ ಕಾವಿನಲ್ಲಿ ಎಳೆದು ಕಟ್ಟಿದರೆ ರಾತ್ರಿ ಕುಗ್ಗಿ ಸ್ಪ್ರಿಂಗ್ ಹತ್ತಿರ ಸೀಳುತ್ತದೆ. ಚಳಿಯಲ್ಲಿ ಸಡಿಲ ಕಟ್ಟಿದರೆ ಮಧ್ಯಾಹ್ನ ಪಟಪಟ ಬಡಿದುಕೊಳ್ಳುತ್ತದೆ. ಯಾವ ಮಗ್ಗುಲು ಒಳಗೆ ಅಂತ ಸುರುಳಿಯ ಮೇಲೆ ಬರೆದಿರುತ್ತದೆ, ಓದಿ ಹಾಕಿ. ತಿರುಗಿಸಿ ಹಾಕಿದರೆ ಒಳಗಿನ ಹನಿ ಗಿಡದ ಮೇಲೆ ಬೀಳುತ್ತದೆ.

ಕಮಾನಿನ ಮೇಲ್ಭಾಗಕ್ಕೆ ಬಿಳಿ ಬಣ್ಣ ಬಳಿಯಿರಿ. ಬಿಸಿ ಪೈಪಿಗೆ ತಾಗಿದಲ್ಲೇ ಪ್ಲಾಸ್ಟಿಕ್ ಮೊದಲು ಹೋಗುವುದು. ಗಂಧಕದ ಹೊಗೆ ಜಾಸ್ತಿ ಕೊಟ್ಟರೂ ಅದರ ಆಯುಷ್ಯ ಕಡಿಮೆ ಆಗುತ್ತದೆ.

ಅರಭಾವಿ ಹಳೇ ವಿದ್ಯಾರ್ಥಿ | ಜನವರಿ 20

ಗಟರ್ ನೀರನ್ನು ಸುಮ್ನೆ ಹೊಲಕ್ಕೆ ಬಿಡಬೇಡಿ. ನಿಮ್ಮಲ್ಲಿ ವರ್ಷಕ್ಕೆ 600 ಮಿಮೀ ಮಳೆ ಹಿಡಿದರೂ 1008 ಚದರ ಮೀಟರ್ ಚಾವಣಿಗೆ 6 ಲಕ್ಷ ಲೀಟರ್ ಬೀಳುತ್ತದೆ. ಸ್ವಲ್ಪ ಹಾಳಾದರೂ ಉಳಿದದ್ದು ಕೃಷಿ ಹೊಂಡಕ್ಕೆ ಹೋಗಲಿ. ಬೋರಿನ ಗಡಸು ನೀರಿಗಿಂತ ಡ್ರಿಪ್ಪಿಗೆ ಎಷ್ಟೋ ಒಳ್ಳೆಯದು.

ತಿಕೋಟಾ ಎರಿಹೊಲ | ಜೂನ್ 11

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಏಪ್ರಿಲ್ ಕೊನೆಗೆ ಜೋರು ಗಾಳಿ ಬಂತು. ದ್ರಾಕ್ಷಿ ಚಪ್ಪರದ ಎರಡು ಕಲ್ಲು ಕಂಬ ಬಿದ್ದವು. ರಾತ್ರಿ ಬ್ಯಾಟರಿ ಹಿಡಿದು ಪಾಲಿಹೌಸ್ ಒಳಗೆ ಹೋಗಿ ನಿಂತೆ. ಮೇಲೆ ಪ್ಲಾಸ್ಟಿಕ್ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕಂಬಕ್ಕೆ ಕೈ ಇಟ್ಟರೆ ಸಣ್ಣ ನಡುಕ ಗೊತ್ತಾಗುತ್ತಿತ್ತು. ಬೆಳಗ್ಗೆ ನೋಡಿದರೆ ಒಂದು ಸ್ಪ್ರಿಂಗ್ ಬಿಟ್ಟು ಏನೂ ಕದಲಿಲ್ಲ.

ಬೇಸಿಗೆಯಲ್ಲಿ ಸಸಿ ಹಾಕಲಿಲ್ಲ, ಬೆಡ್ ಮಾಡಿ ಪ್ಲಾಸ್ಟಿಕ್ ಹೊದಿಸಿ ಮಣ್ಣನ್ನು ಬಿಸಿಲಿಗೆ ಕಾಯಿಸಿದೆ. ಮೊನ್ನೆ ಮೊದಲ ದೊಡ್ಡ ಮಳೆ. ಖ ಸಾಲಿನ ಗಟರ್‌ನಲ್ಲಿ ಎರಡು ಜೋಡಣೆ ಸೋರಿದವು. ಕೆಳಗೆ ಬಕೆಟ್ ಇಟ್ಟು, ಮಳೆ ನಿಂತ ಮೇಲೆ ಹಳೇ ಅಂಟು ಕೆರೆದು ಒಣಗಿಸಿ ಹೊಸದು ಹಾಕಿದೆ. ನಿನ್ನೆ ಮತ್ತೆ ಮಳೆ ಬಂತು, ಸೋರಲಿಲ್ಲ. ಹೊಂಡದಲ್ಲಿ ಮೊಣಕಾಲು ನೀರು ನಿಂತಿದೆ. ಸಸಿಗೆ ಹೇಳಿದ್ದೇನೆ, ಮುಂದಿನ ತಿಂಗಳು ಬರುತ್ತವೆ.

ಗ-6ರ ಅಡ್ಡ ಪೈಪ್ ಸಿಕ್ಕಿತು. ಬೆಳಗಾವಿಯ ಆ ಹಿರಿಯರ ಹೊಲದ ಬದುವಿನಲ್ಲೇ ಉಳಿದಿತ್ತು. ಮಣೂಕ ಕೊಡಲು ಹೋದಾಗ ಅವರೇ ತೊಳೆದು ಇಟ್ಟಿದ್ದರು.

ವೆಲ್ಡಿಂಗ್ ಅಂಗಡಿ ಜಮಖಂಡಿ | ಜೂನ್ 11

ಆ ಕ್ಲ್ಯಾಂಪಿನ ಫೋಟೋ ಇದ್ದರೆ ಹಾಕಿ. ಮುಧೋಳ ಹತ್ತಿರ ಒಂದು ಮನೆ ಬಿಚ್ಚುವುದಿದೆ, ದೀಪಾವಳಿ ಆದ ಮೇಲೆ.